ಬಿಡಬೇಕು ಅನ್ನಿಸಿದವರಿಗೆ: ಹತ್ತು ಸಾಲಿನ ಕರಪತ್ರಕ್ಕೊಂದು ವ್ಯಾಖ್ಯಾನ

ಕೆಳಗಿನ ಹತ್ತು ಸಾಲುಗಳನ್ನು ಅರಸೀಕೆರೆ, ಬೇಲೂರು, ಹಳೇಬೀಡಿನ ಗೋಡೆಗಳಿಗಾಗಿ ಬರೆದಿದ್ದೇನೆ. ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆ, ಹಾಲಿನ ಡೈರಿ, ಎಪಿಎಂಸಿ ಯಾರ್ಡು, ಕಟಿಂಗ್ ಶಾಪು, ಎಲ್ಲಿ ಬೇಕಾದರೂ ಅಂಟಿಸಬಹುದು. ಕುಡಿತ ಬಿಟ್ಟವರ ಸಭೆ ನಡೆಸುವವರು ಯಾರೇ ಆಗಲಿ, ಕೆಳಗೆ ತಮ್ಮ ಜಾಗ, ವಾರ, ವೇಳೆ ಬರೆದುಕೊಂಡರಾಯಿತು. ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲುವವನಿಗೆ ಹತ್ತು ಸಾಲು ಸಾಕು. ಅವನ ಹೆಂಡತಿಗೆ, ಅಣ್ಣನಿಗೆ, ಊರಿನ ಮೇಷ್ಟ್ರಿಗೆ, ಆಶಾ ಕಾರ್ಯಕರ್ತೆಗೆ ಸಾಲದು. ಅವರಿಗಾಗಿ ಈ ವ್ಯಾಖ್ಯಾನ.

ಕುಡಿತ ಬಿಡಬೇಕು ಅನ್ನಿಸಿದೆಯಾ? ಅಷ್ಟು ಸಾಕು, ಬನ್ನಿ.
ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಫೋಟೋ ತೆಗೆಯುವುದಿಲ್ಲ.
ಇಲ್ಲಿ ಭಾಷಣವಿಲ್ಲ, ಕುಡಿದು ಬಿಟ್ಟವರು ಮಾತಾಡುತ್ತಾರೆ, ನೀವು ಕೂತು ಕೇಳಿದರೂ ಸರಿ.
ದುಡ್ಡು ಬೇಡ.
ನಿಮ್ಮೂರಲ್ಲಿ ನಾಚಿಕೆಯಾದರೆ ಪಕ್ಕದೂರಿನ ಸಭೆಗೆ ಹೋಗಿ.
ದಿನಾ ಕುಡಿಯುವವರು ಏಕ್‌ದಂ ನಿಲ್ಲಿಸಬೇಡಿ, ಮೊದಲು ಡಾಕ್ಟರನ್ನು ಕಾಣಿ.
ಇವತ್ತಿನ ಸಂಜೆ ಒಂದು ಕಳೆಯಲಿ.
ಮನೆಯವರೇ, ಊಟದಲ್ಲಿ ಔಷಧಿ ಬೆರೆಸಬೇಡಿ; ನೀವೂ ಬನ್ನಿ.
ಮತ್ತೆ ಕುಡಿದಿರಾ? ಮತ್ತೆ ಬನ್ನಿ.
ಸಭೆ ಎಲ್ಲಿದೆ ಗೊತ್ತಾಗದಿದ್ದರೆ ಫೋನ್ ಮಾಡಿ: 14416, 14446.

‘ಕುಡಿತ ಬಿಡಬೇಕು ಅನ್ನಿಸಿದೆಯಾ? ಅಷ್ಟು ಸಾಕು, ಬನ್ನಿ.’

ಬಿಟ್ಟಿದ್ದೀರಾ ಎಂದು ಕೇಳಿಲ್ಲ, ಬಿಡುತ್ತೀರಾ ಎಂದೂ ಕೇಳಿಲ್ಲ. ಬಿಡಬೇಕು ಅನ್ನಿಸಿದೆಯಾ ಎಂದಷ್ಟೇ ಕೇಳಿದೆ. ‘ಆಲ್ಕೋಹಾಲಿಕ್ಸ್ ಅನಾನಿಮಸ್’, ಅಂದರೆ ಎಲ್ಲರೂ ‘ಎಎ’ ಎನ್ನುವ ಕೂಟಕ್ಕೆ ಸೇರಲು ಇರುವ ಷರತ್ತು ಇದೊಂದೇ. ನಮ್ಮ ಕಡೆಯವರು ಇದನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. ‘ಒಂದು ವಾರ ಬಿಟ್ಟು ತೋರಿಸ್ತೀನಿ, ಆಮೇಲೆ ಬರ್ತೀನಿ’ ಅನ್ನುತ್ತಾರೆ. ಒಂದು ವಾರ ಒಬ್ಬರೇ ಬಿಡಲು ಆಗುವಂತಿದ್ದರೆ ಸಭೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಆಣೆ ಪ್ರಮಾಣದ ಮಾತನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕುಡಿಯುವವನು ಆಗಲೇ ಮಾಲೇಕಲ್ಲು ತಿರುಪತಿಯ ಮೆಟ್ಟಿಲ ಮೇಲೆ ಆಣೆ ಮಾಡಿರುತ್ತಾನೆ, ಚೆನ್ನಕೇಶವನ ಮುಂದೆ ಕರ್ಪೂರ ಮುಟ್ಟಿರುತ್ತಾನೆ, ಮಗಳ ತಲೆ ಮೇಲೆ ಕೈಯಿಟ್ಟಿರುತ್ತಾನೆ. ಅವೆಲ್ಲ ಮುರಿದಿವೆ. ಮುರಿದ ಆಣೆಯ ಭಾರ ಮರೆಯಲು ಮತ್ತೆ ಕುಡಿದಿದ್ದಾನೆ. ಅಂಥವನ ಮುಂದೆ ಇನ್ನೊಂದು ಆಣೆ ಹಿಡಿದರೆ ಅವನು ಒಳಗೆ ಕಾಲಿಡುವುದಿಲ್ಲ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತಿದೆ. ಉಳಿದ 37 ಜನ ಬಾಗಿಲ ಹೊರಗೇ ಇದ್ದಾರೆ. ಹಾಗಿದ್ದ ಮೇಲೆ ಬಾಗಿಲಲ್ಲಿ ಹೊಸ್ತಿಲೇ ಬೇಡ.

‘ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಫೋಟೋ ತೆಗೆಯುವುದಿಲ್ಲ.’

ಬೆಂಗಳೂರಿನ ಸಭೆಯಲ್ಲಿ ಹೆಸರು ಹೇಳದಿದ್ದರೆ ನೀವು ಯಾರೋ ಒಬ್ಬರು. ಹಳೇಬೀಡಿನಲ್ಲಿ ಹಾಗಲ್ಲ, ಮುಖ ಕಂಡರೆ ಸಾಕು, ಇಂಥವರ ಮಗ, ಇಂಥವರ ಅಳಿಯ ಎಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಹೆಸರು ಬರೆಯದಿರುವುದಕ್ಕಿಂತ, ಕೋಣೆಯಲ್ಲಿ ಕೇಳಿದ್ದನ್ನು ಕೋಣೆಯಲ್ಲೇ ಬಿಟ್ಟು ಬರುವುದು ಇಲ್ಲಿ ದೊಡ್ಡ ನಿಯಮ. ಸಭೆ ನಡೆಸುವವರು ಪ್ರತಿಸಲ ಶುರುವಿಗೇ ಇದನ್ನು ಬಾಯಿಬಿಟ್ಟು ಹೇಳಬೇಕು. ಹಾಜರಿ ಪುಸ್ತಕ ಇಡಬಾರದು. ಶಾಲು ಹೊದಿಸಿ, ಫೋಟೋ ತೆಗೆದು, ವಾಟ್ಸಾಪ್ ಗ್ರೂಪಿಗೆ ಹಾಕುವ ಚಾಳಿಯಂತೂ ಕೂಡದು. ಒಳ್ಳೆ ಮನಸ್ಸಿನಿಂದಲೇ ಹಾಕಿರಬಹುದು. ಮಗಳಿಗೆ ಗಂಡು ನೋಡುತ್ತಿರುವ ತಂದೆಗೆ ಆ ಒಂದು ಫೋಟೋ ಸಾಕು, ಮುಂದಿನ ವಾರ ಬರುವುದಿಲ್ಲ.

ಕುಡಿಯುವ ಹೆಣ್ಣುಮಕ್ಕಳಿಗೆ ಈ ಸಾಲು ಇನ್ನೂ ಹೆಚ್ಚು ಬೇಕು. ಬೇಲೂರು ಕಡೆಯ ಕಾಫಿ ತೋಟದ ಲೈನ್ ಮನೆಗಳಲ್ಲಿರಲಿ, ಪೇಟೆಯ ಮನೆಗಳಲ್ಲಿರಲಿ, ಅವರ ವಿಷಯ ಯಾರೂ ಎತ್ತುವುದೇ ಇಲ್ಲ. ಗಂಡಸರೇ ತುಂಬಿದ ಕೋಣೆಗೆ ಒಬ್ಬಳೇ ಹೋಗಲು ಆಗದಿದ್ದರೆ, ಕರಪತ್ರದ ಕೊನೆಯ ಸಾಲಿನ ನಂಬರಿನಿಂದಲೇ ಆಕೆ ಶುರುಮಾಡಲಿ.

‘ಇಲ್ಲಿ ಭಾಷಣವಿಲ್ಲ, ಕುಡಿದು ಬಿಟ್ಟವರು ಮಾತಾಡುತ್ತಾರೆ, ನೀವು ಕೂತು ಕೇಳಿದರೂ ಸರಿ.’

ಎಎ ಸಭೆ ನೋಡದವರಿಗೆ ಅದು ಹೇಗಿರುತ್ತದೆಂಬ ಕಲ್ಪನೆಯೇ ಇರುವುದಿಲ್ಲ. ಶಾಲೆಯದೋ ಚರ್ಚಿನದೋ ಒಂದು ಕೊಠಡಿ, ಪ್ಲಾಸ್ಟಿಕ್ ಕುರ್ಚಿಗಳು, ಚಹಾದ ಫ್ಲಾಸ್ಕು. ವೇದಿಕೆಯಿಲ್ಲ, ಮುಖ್ಯ ಅತಿಥಿಯಿಲ್ಲ. ಒಬ್ಬರು ತಮ್ಮ ಹೆಸರಷ್ಟೇ ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿಕೊಂಡು, ಕುಡಿಯುತ್ತಿದ್ದಾಗ ಏನಾಗಿತ್ತು, ಹೇಗೆ ನಿಂತಿತು, ಈಗ ಹೇಗಿದ್ದೇನೆ ಎಂದು ಹೇಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಅವರು ಮುಗಿಸಿದ ಮೇಲೆ ಇನ್ನೊಬ್ಬರು. ಹೊಸಬರ ಸರದಿ ಬಂದಾಗ ‘ಇವತ್ತು ಕೇಳ್ತೀನಿ’ ಅಂದರೆ ಮುಂದಿನವರಿಗೆ ಹೋಗುತ್ತದೆ. ಗಂಟೆ, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಹೊರಡುವಾಗ ಯಾರೋ ಒಬ್ಬರು ಫೋನ್ ನಂಬರ್ ಕೊಟ್ಟು, ‘ಕುಡೀಬೇಕು ಅನ್ನಿಸಿದ್ರೆ ಕುಡಿಯೋಕೆ ಮುಂಚೆ ಫೋನ್ ಮಾಡಿ’ ಅನ್ನುತ್ತಾರೆ. ಕುಡಿದ ಮೇಲಲ್ಲ, ಕುಡಿಯುವ ಮುಂಚೆ.

ಇಷ್ಟರಿಂದ ಏನಾಗುತ್ತದೆ ಎಂದು ಕೇಳುವವರಿಗೆ: 2020ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆಯೊಂದು 27 ಅಧ್ಯಯನಗಳನ್ನು, 10,565 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿತು. ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ, ಜನರನ್ನು ಎಎಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆಗಳು ಬೇರೆ ಮಾನ್ಯ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿದ್ದು ಕಂಡಿತು. ಒಂದು ಕಾರಣ ನಮಗೂ ಹೊಳೆಯುವಂಥದ್ದೇ. ಕುಡಿಯುವವನು ಹೆಂಡತಿಯ ಮುಂದೆ ಸುಳ್ಳು ಹೇಳಬಲ್ಲ, ಡಾಕ್ಟರ ಮುಂದೆಯೂ ಹೇಳಬಲ್ಲ. ಅದೇ ಸುಳ್ಳುಗಳನ್ನು ವರ್ಷಗಟ್ಟಲೆ ಹೇಳಿ ಬಂದವನ ಮುಂದೆ ಅವು ನಡೆಯುವುದಿಲ್ಲ. ಅಲ್ಲಿ ಅವನಿಗೆ ಮೊದಲ ಸಲ ಸುಳ್ಳು ಹೇಳುವ ಶ್ರಮ ತಪ್ಪುತ್ತದೆ.

ಎಎ ಒಂದೇ ದಾರಿಯಲ್ಲ. ನಮ್ಮ ಸೀಮೆಯಲ್ಲಿ ಜನಕ್ಕೆ ಹೆಚ್ಚು ಪರಿಚಯವಿರುವುದು ಧರ್ಮಸ್ಥಳದ ಮದ್ಯವರ್ಜನ ಶಿಬಿರ. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುಮಾಡಿದ ಗ್ರಾಮಾಭಿವೃದ್ಧಿ ಯೋಜನೆ ಮುಂದೆ ಜನಜಾಗೃತಿ ವೇದಿಕೆಯ ಜತೆಗೂಡಿ ರಾಜ್ಯದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಶಿಬಿರಗಳನ್ನು ನಡೆಸಿದೆ. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಉಳಿಸಿಕೊಂಡು, ಭಜನೆ, ವ್ಯಾಯಾಮ, ಸಲಹೆ, ಮನೆಯವರೊಂದಿಗೆ ಮಾತುಕತೆ ಎಲ್ಲ ಮಾಡಿಸುತ್ತಾರೆ. ಶಿಬಿರದ ಬ್ಯಾನರು ಎಲ್ಲರ ಕಣ್ಣಿಗೂ ಬೀಳುತ್ತದೆ. ಶಿಬಿರ ಮುಗಿಸಿದವರು ಸೇರಿಕೊಳ್ಳುವ ‘ನವಜೀವನ ಸಮಿತಿ’ ಕಣ್ಣಿಗೆ ಬೀಳುವುದಿಲ್ಲ. ನನ್ನ ಮಟ್ಟಿಗೆ ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ. ಎಂಟು ದಿನ ಮಂಟಪದೊಳಗೆ ಕುಡಿಯದೆ ಇರುವುದು ಸಾಧ್ಯ, ಅಲ್ಲಿ ಸಿಗುವುದೇ ಇಲ್ಲ. ಒಂಬತ್ತನೇ ದಿನ ಮನೆಗೆ ಬಂದು, ಅದೇ ಬೀದಿಯಲ್ಲಿ ಅದೇ ಅಂಗಡಿ ದಾಟಿ ಹಾಲು ತರಬೇಕಲ್ಲ, ಆಗ ಜತೆಗಿರುವವರು ಸಮಿತಿಯವರು. ನಿಮ್ಮ ಬೀದಿಯ ‘ಧರ್ಮಸ್ಥಳ ಸಂಘ’ದ ಸೇವಾಪ್ರತಿನಿಧಿಯನ್ನು ಕೇಳಿದರೆ ಹತ್ತಿರದ ಸಮಿತಿ ಯಾವಾಗ ಸೇರುತ್ತದೆಂದು ಹೇಳುತ್ತಾರೆ. ಭಜನೆಯಲ್ಲಿ ಮನಸ್ಸು ನಿಲ್ಲುವವರಿಗೆ ಇದು ಒಗ್ಗುತ್ತದೆ. ಒಗ್ಗದವರಿಗೆ ಎಎ ಇದೆ. ಅಲ್ಲಿಯೂ ದೇವರ ಮಾತು ಬರುತ್ತದೆ, ಆದರೆ ಯಾವ ದೇವರು, ಎಂಥ ದೇವರು ಎನ್ನುವುದನ್ನು ಅವರವರಿಗೇ ಬಿಟ್ಟಿದ್ದಾರೆ. ಎರಡನ್ನೂ ನೋಡಿ ಒಂದನ್ನು ಆರಿಸಿಕೊಂಡರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

‘ದುಡ್ಡು ಬೇಡ.’

ಎಎಯಲ್ಲಿ ಶುಲ್ಕವಿಲ್ಲ. ಕೊನೆಗೊಂದು ಡಬ್ಬಿ ಸುತ್ತು ಬರುತ್ತದೆ, ಚಹಾ ಮತ್ತು ಕೊಠಡಿಯ ಖರ್ಚಿಗೆ ಇದ್ದವರು ಹಾಕುತ್ತಾರೆ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಯಾರಾದರೂ ಮುಂಗಡ ಕೇಳಿದರೆ, ರಾತ್ರಿ ವ್ಯಾನಿನಲ್ಲಿ ಬಂದು ಎತ್ತಿಕೊಂಡು ಹೋಗಿ ತಿಂಗಳುಗಟ್ಟಲೆ ಕೂಡಿಹಾಕುತ್ತೇವೆ ಅಂದರೆ, ಅದು ಸಭೆಯಲ್ಲ. ಮದ್ಯ, ಮಾದಕದ್ರವ್ಯಗಳಿಂದಾಗುವ ಮಾನಸಿಕ ತೊಂದರೆಯೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹೊಡೆದು ಬಡಿದು ಬಿಡಿಸುವ ಹಕ್ಕು ಯಾರಿಗೂ ಇಲ್ಲ.

‘ನಿಮ್ಮೂರಲ್ಲಿ ನಾಚಿಕೆಯಾದರೆ ಪಕ್ಕದೂರಿನ ಸಭೆಗೆ ಹೋಗಿ.’

ಇಡೀ ಕರಪತ್ರವನ್ನು ಈ ಒಂದು ಸಾಲಿಗಾಗಿ ಬರೆದೆ ಎಂದರೂ ತಪ್ಪಿಲ್ಲ. ನಗರದವರಿಗೆಂದು ಹುಟ್ಟಿದ ಗುಟ್ಟಿನ ನಿಯಮ ಸಣ್ಣ ಊರಿನಲ್ಲಿ ಸವಕಲಾಗುತ್ತದೆ ಎಂದು ಮೇಲೆ ಹೇಳಿದೆ. ಅದಕ್ಕೆ ಪರಿಹಾರ ನಮ್ಮ ಭೂಗೋಳದಲ್ಲೇ ಇದೆ. ಬೇಲೂರಿಗೂ ಹಳೇಬೀಡಿಗೂ ನಡುವೆ 16 ಕಿಲೋಮೀಟರ್. ಹಳೇಬೀಡಿನಿಂದ ಜಾವಗಲ್ಲು, ಬಾಣಾವರದ ಮೇಲೆ ಅರಸೀಕೆರೆ ದಾರಿ. ಹಾಸನಕ್ಕೆ ಅರಸೀಕೆರೆಯಿಂದ ಬಸ್ಸೂ ಇದೆ, ರೈಲೂ ಇದೆ. ಬೇಲೂರಿನಿಂದ ಹಾಸನ ಸುಮಾರು 40 ಕಿಲೋಮೀಟರ್. ಕೊಬ್ಬರಿ ಮಾರಲು, ಕೋರ್ಟಿಗೆ, ಆಸ್ಪತ್ರೆಗೆ, ಸಂತೆಗೆಂದು ಈ ಊರುಗಳ ನಡುವೆ ಓಡಾಡುವುದು ಯಾರಿಗೂ ವಿಚಿತ್ರವಲ್ಲ. ಅರಸೀಕೆರೆಯವನು ಹಾಸನಕ್ಕೆ, ಹಳೇಬೀಡಿನವನು ಅರಸೀಕೆರೆಗೆ, ಬೇಲೂರಿನವನು ಹಾಸನಕ್ಕೆ ಹೋದರೆ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ‘ಕೆಲಸ ಇತ್ತು’ ಅಂದರೆ ಮುಗಿಯಿತು.

ಇದರಲ್ಲಿ ಹೇಡಿತನವಿಲ್ಲ. ಎಎ ಹುಟ್ಟಿದ್ದೂ ಪರವೂರಿನಲ್ಲೇ. 1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರು ವ್ಯಾಪಾರಿ ಬಿಲ್ ವಿಲ್ಸನ್ ಕೆಲಸದ ಮೇಲೆ ಓಹಾಯೋದ ಆಕ್ರನ್ ಎಂಬ ಊರಿಗೆ ಬಂದಿದ್ದರು. ಅವರು ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ಒಬ್ಬರೇ. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನು. ಬಾರಿನ ಕಡೆ ಹೋಗದೆ, ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದರು: ಈ ಊರಿನಲ್ಲಿ ನನ್ನ ಹಾಗೆ ಕುಡಿದು ಕೆಟ್ಟ ಇನ್ನೊಬ್ಬರು ಇದ್ದರೆ ತೋರಿಸಿ, ಅವರ ಜತೆ ಮಾತಾಡಬೇಕು. ಹಾಗೆ ಕೈಯಿಂದ ಕೈಗೆ ಸಾಗಿ ಮಾರನೆಯ ದಿನ ಸಿಕ್ಕವರು ಆ ಊರಿನ ಸರ್ಜನ್ ಡಾ. ಬಾಬ್ ಸ್ಮಿತ್. ಗುರುತೇ ಇಲ್ಲದ ಇಬ್ಬರು ಗಂಟೆಗಟ್ಟಲೆ ಮಾತಾಡಿದ ಆ ಸಂಜೆಯಿಂದ ಇದೆಲ್ಲ ಬೆಳೆಯಿತು. 1957ರಲ್ಲಿ ಭಾರತಕ್ಕೂ ಬಂತು. ಬಿಲ್ ತಮ್ಮ ಊರಿನಲ್ಲೇ ಇದ್ದಿದ್ದರೆ ಅಷ್ಟು ಧೈರ್ಯವಾಗಿ ಕೇಳುತ್ತಿದ್ದರೋ ಇಲ್ಲವೋ. ಪರವೂರು ಕೆಲವೊಮ್ಮೆ ಬಾಯಿ ಬಿಡಿಸುತ್ತದೆ.

ವರ್ಷ ತುಂಬಿದ ಮೇಲೆ ನಿಮ್ಮೂರಿನಲ್ಲೇ ಎದೆಯೆತ್ತಿ ಕೂತು, ಹೊಸಬರಿಗೆ ಕುರ್ಚಿ ಹಾಕುವಂತಾದರೆ ಬಹಳ ಒಳ್ಳೆಯದು. ಮೊದಲ ದಿನವೇ ಅದನ್ನು ನಿರೀಕ್ಷಿಸುವುದು ಬೇಡ.

‘ದಿನಾ ಕುಡಿಯುವವರು ಏಕ್‌ದಂ ನಿಲ್ಲಿಸಬೇಡಿ, ಮೊದಲು ಡಾಕ್ಟರನ್ನು ಕಾಣಿ.’

ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ. ಬೆಳಗ್ಗೆ ಎದ್ದೊಡನೆ ಕೈ ನಡುಗಿ, ಒಂದು ಗುಟುಕು ಬಿದ್ದ ಮೇಲೆ ನಡುಕ ನಿಲ್ಲುವ ಹಂತಕ್ಕೆ ಹೋದವರು ಹಟಕ್ಕೆ ಬಿದ್ದು ಒಂದೇ ದಿನ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಕೊನೆಯ ಗುಟುಕಿನ ನಂತರ ಆರು ಗಂಟೆಯಿಂದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇನ್ನೊಂದು ಅವಸ್ಥೆ ಬರುತ್ತದೆ: ಮೈಯೆಲ್ಲ ಬೆವರು, ಜ್ವರ, ಎದೆ ಬಡಿತ. ಗೋಡೆ ಮೇಲೆ ಇರುವೆ ಹರಿದಾಡುವುದು ಕಾಣುತ್ತದೆ, ಯಾರೋ ಕರೆದದ್ದು ಕೇಳುತ್ತದೆ, ಹೆಂಡತಿ ಮಕ್ಕಳ ಗುರುತು ಸಿಗುವುದಿಲ್ಲ. ಆಗ ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸಲು ಓಡುವವರಿದ್ದಾರೆ. ಓಡಬೇಕಾದದ್ದು ಆಸ್ಪತ್ರೆಗೆ, ಅದೂ ಆ ಗಳಿಗೆಯಲ್ಲೇ. ಅಲ್ಲಿ ನಡುಕ, ಫಿಟ್ಸ್ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಕೊಡುತ್ತಾರೆ, ಥಯಾಮಿನ್ ಎಂಬ ಜೀವಸತ್ವವನ್ನು ಸೂಜಿಯಲ್ಲಿ ಕೊಡುತ್ತಾರೆ. ಕೆಲವೇ ದಿನಗಳ ಚಿಕಿತ್ಸೆ. ಅಷ್ಟರಲ್ಲಿ ಪ್ರಾಣ ಉಳಿಯುತ್ತದೆ, ಮಿದುಳೂ ಉಳಿಯುತ್ತದೆ.

ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಎಂಬ ಏರ್ಪಾಡು ರಾಜ್ಯದಲ್ಲಿದೆ. ಯಾವ ಮಂಗಳವಾರ ಬರುತ್ತಾರೆಂದು ಅರಸೀಕೆರೆ, ಬೇಲೂರಿನ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೇಳಿ. ತಡೆಯಲಾಗದಿದ್ದರೆ ಹಾಸನದ ಹಿಮ್ಸ್‌ಗೆ ನೇರ ಹೋಗಬಹುದು. ಬಹಳ ಬಿಗಡಾಯಿಸಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸಭೆ ಆಸ್ಪತ್ರೆಯ ಕೆಲಸ ಮಾಡುವುದಿಲ್ಲ, ಆಸ್ಪತ್ರೆ ಸಭೆಯ ಕೆಲಸ ಮಾಡುವುದಿಲ್ಲ. ಎರಡೂ ಬೇಕು.

‘ಇವತ್ತಿನ ಸಂಜೆ ಒಂದು ಕಳೆಯಲಿ.’

ಬದುಕಿರುವವರೆಗೂ ಮುಟ್ಟುವುದಿಲ್ಲ ಎಂದರೆ ಬೆಟ್ಟ ಮೇಲೆ ಬಿದ್ದ ಹಾಗಾಗುತ್ತದೆ. ಇವತ್ತು ಆರರಿಂದ ಒಂಬತ್ತು, ಅಂಗಡಿ ದೀಪ ಹತ್ತಿದ ಮೇಲಿನ ಮೂರು ಗಂಟೆ. ಆಸೆ ಏರುತ್ತದೆ, ಒಂದಷ್ಟು ಹೊತ್ತು ತಡೆದರೆ ಇಳಿಯುತ್ತದೆ. ಆ ಹೊತ್ತನ್ನು ದಾಟಿಸಲು ಹೊಟ್ಟೆ ತುಂಬ ಊಟ, ಒಂದು ಫೋನು, ಜತೆಗೊಬ್ಬರು. ಖಾಲಿ ಹೊಟ್ಟೆ ಮತ್ತು ಒಂಟಿತನ ಎರಡೂ ಅಂಗಡಿಯ ಕಡೆಗೇ ತಳ್ಳುತ್ತವೆ.

ಕೆಲವು ದಿನಗಳಿಗೆ ಮುಂಚಿನಿಂದಲೇ ತಯಾರಿ ಬೇಕು. ತೋಟದ ಬಟವಾಡೆಯ ದಿನ. ಕೊಬ್ಬರಿ ದುಡ್ಡು ಕೈಗೆ ಬಂದ ದಿನ. ಬೀಗರ ಊಟ. ಯುಗಾದಿಯ ಮಾರನೆಯ ವರ್ಷತೊಡಕು. ಚುನಾವಣೆಯ ಕೊನೆಯ ವಾರ, ಮದ್ಯ ಪುಕ್ಕಟೆಯಾಗಿ ಮನೆ ಬಾಗಿಲಿಗೇ ಬರುವಾಗ. ಇಂಥ ದಿನ ಬಟವಾಡೆಯ ಹಣವನ್ನು ಹೆಂಡತಿಯ ಕೈಗೋ ಅವ್ವನ ಕೈಗೋ ನೇರ ತಲುಪಿಸುವುದು, ಸಂಜೆಗೆ ಸಭೆಯವರೊಬ್ಬರನ್ನು ಜತೆಗಿಟ್ಟುಕೊಳ್ಳುವುದು. ಅಂಗಡಿಯೇ ಮುಚ್ಚಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಒಂದು ಮಾತು: 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಹಳ್ಳಿಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿದ್ದರು. ಆದರೆ ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ತೊಂಬತ್ತು ಎಂಎಲ್ಲಿನ ಟೆಟ್ರಾ ಪ್ಯಾಕ್ ಬಂದು ಕೂತಿತು. ಅಂಗಡಿ ಮುಚ್ಚುವವರೆಗೆ ಕಾಯುತ್ತ ಕೂರಲಾಗುವುದಿಲ್ಲ.

‘ಮನೆಯವರೇ, ಊಟದಲ್ಲಿ ಔಷಧಿ ಬೆರೆಸಬೇಡಿ; ನೀವೂ ಬನ್ನಿ.’

‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಚೀಟಿಯನ್ನು ಬಸ್ಸಿನ ಸೀಟಿನ ಹಿಂದೆ ನೀವೂ ನೋಡಿರುತ್ತೀರಿ. ಸಾರಿಗೆ, ಮಜ್ಜಿಗೆಗೆ ಪುಡಿ ಬೆರೆಸುವ ಹೆಂಗಸಿನ ಸಂಕಟ ನನಗೆ ಅರ್ಥವಾಗುತ್ತದೆ. ಬೇರೆ ದಾರಿ ಕಾಣದೆ ಆಕೆ ಹಾಗೆ ಮಾಡುತ್ತಾಳೆ. ಆದರೆ ಡೈಸಲ್ಫಿರಂ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಮದ್ಯ ಬಿದ್ದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದವರು ಸಾಯಲೂಬಹುದು. ತಾನು ಈ ಮಾತ್ರೆ ನುಂಗುತ್ತಿದ್ದೇನೆ ಎಂದು ಗೊತ್ತಿದ್ದವನು ಹೆದರಿ ಕುಡಿಯುವುದಿಲ್ಲ, ಅದರ ಗುಣವೇ ಅಲ್ಲಿದೆ. ಗೊತ್ತಿಲ್ಲದವನು ಎಂದಿನಂತೆ ಹೋಗಿ ಕುಡಿಯುತ್ತಾನೆ. ಡಾಕ್ಟರು ನೋಡಿ, ಅವನು ಒಪ್ಪಿ, ಅವನ ಕೈಯಾರೆ ನುಂಗಿದರೆ ಮಾತ್ರ ಅದು ಔಷಧಿ.

‘ನೀವೂ ಬನ್ನಿ’ ಎಂದಿರುವುದು ಗಂಡನನ್ನು ಕಾವಲು ಕಾಯಲು ಅಲ್ಲ. ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್, 1951ರಲ್ಲಿ ಕುಡಿಯುವವರ ಮನೆಯವರಿಗಾಗಿಯೇ ‘ಅಲ್-ಅನಾನ್’ ಎಂಬ ಬೇರೆ ಕೂಟ ಕಟ್ಟಿದರು. ಗಂಡ ಬಿಟ್ಟ ಮೇಲೂ ತಮ್ಮೊಳಗಿನ ಸಿಟ್ಟು, ಹೆದರಿಕೆ ಬಿಡದಿದ್ದುದನ್ನು ಕಂಡವರು ಅವರು. ಅಂಗಡಿಯ ಸಾಲ ತೀರಿಸಿ, ‘ಅವರಿಗೆ ಹುಷಾರಿಲ್ಲ’ ಎಂದು ಕೆಲಸದ ಕಡೆ ಸುಳ್ಳು ಹೇಳಿ, ರಾತ್ರಿ ಗೇಟಿನ ಸದ್ದಿಗೆ ಕಿವಿಯಿಟ್ಟು ಮಲಗಿದವಳಿಗೂ ತನ್ನಂಥವರ ನಡುವೆ ಒಂದು ಗಂಟೆ ಕೂರುವ ಹಕ್ಕಿದೆ. ಗಂಡ ಬಿಡಲಿ, ಬಿಡದಿರಲಿ. ಹತ್ತಿರದಲ್ಲಿ ಅಂಥ ಕೂಟವಿಲ್ಲವೆಂದರೆ, ಸ್ತ್ರೀಶಕ್ತಿ ಸಂಘದ ಸಾಲದ ಲೆಕ್ಕ ಮುಗಿದ ಮೇಲೆ ಇಬ್ಬರು ಮೂವರು ಅಕ್ಕತಂಗಿಯರು ಉಳಿದು ಕೂತರೂ ಶುರುವಾದಂತೆ.

‘ಮತ್ತೆ ಕುಡಿದಿರಾ? ಮತ್ತೆ ಬನ್ನಿ.’

ಆಕ್ರನ್ನಿನ ಕಥೆಯಲ್ಲಿ ಒಂದನ್ನು ಮೇಲೆ ಹೇಳಲಿಲ್ಲ. ಬಿಲ್ ಜತೆ ಅಷ್ಟು ಮಾತಾಡಿ ಕುಡಿತ ನಿಲ್ಲಿಸಿದ್ದ ಡಾ. ಬಾಬ್, ಕೆಲವೇ ವಾರಗಳಲ್ಲಿ ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋಗಿ ಮಿತಿಮೀರಿ ಕುಡಿದು ಬಂದರು. ಬಿಲ್ ಬಾಗಿಲು ಹಾಕಲಿಲ್ಲ, ಪಕ್ಕದಲ್ಲೇ ಉಳಿದು ಆರೈಕೆ ಮಾಡಿದರು. ಡಾ. ಬಾಬ್ ಕೊನೆಯ ಸಲ ಕುಡಿದದ್ದು 1935ರ ಜೂನ್ 10. ಲೋಕದಾದ್ಯಂತ ಎಎ ತನ್ನ ಹುಟ್ಟಿದ ದಿನವೆಂದು ಎಣಿಸುವುದು ಅದನ್ನೇ. ಸ್ಥಾಪಕನೇ ಒಮ್ಮೆ ಜಾರಿ ಮತ್ತೆ ಎದ್ದ ಮೇಲೆ ಬೇರೆಯವರು ಜಾರುವುದಕ್ಕೆ ನಾಚಬೇಕಾದ್ದೇನಿದೆ?

ಅರಸೀಕೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು, ಎರಡು ತಿಂಗಳಿಗೇ ಒಡೆದು ನೋಡಿ ಯಾರೂ ಬೈಯುವುದಿಲ್ಲ. ಮನೆಯವರು ಆ ತಾಳ್ಮೆಯಲ್ಲಿ ಅರ್ಧವನ್ನು ಮನುಷ್ಯನಿಗೂ ತೋರಿಸಲಿ. ಜಾರಿದವನು ‘ಎಲ್ಲಾ ಹೋಯ್ತು’ ಎಂದು ಇಡೀ ವಾರ ಕುಡಿಯುತ್ತಾನೆ. ಅಪಾಯವಿರುವುದು ಮೊದಲ ಗುಟುಕಿಗಿಂತ ಹೆಚ್ಚಾಗಿ ಆ ಮಾತಿನಲ್ಲಿ. ಮುಂದಿನ ಸಭೆಗೆ ಹೋಗಿ ಆದದ್ದನ್ನು ಹೇಳಿದರೆ ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಹಾಗೆ ಸಿಂಡರಿಸುವ ಸಭೆಯಾಗಿದ್ದರೆ ಬೇರೆ ಸಭೆ ಹುಡುಕಿ.

‘ಸಭೆ ಎಲ್ಲಿದೆ ಗೊತ್ತಾಗದಿದ್ದರೆ ಫೋನ್ ಮಾಡಿ: 14416, 14446.’

ಮೊದಲನೆಯದು ಟೆಲಿ-ಮನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ಎರಡನೆಯದು ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಎರಡಕ್ಕೂ ದುಡ್ಡಿಲ್ಲ. ಫೋನ್ ಮಾಡಿದಾಗ ಏನು ಹೇಳುವುದೆಂದು ತಡವರಿಸುವವರು ಮೂರು ಮಾತು ಬರೆದಿಟ್ಟುಕೊಳ್ಳಲಿ: ದಿನಕ್ಕೆ ಎಷ್ಟು ಕುಡಿಯುತ್ತೇನೆ, ಕೊನೆಗೆ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೋ ಇಲ್ಲವೋ. ಆಮೇಲೆ ಕೇಳಬೇಕಾದದ್ದು: ಹತ್ತಿರದ ಸಭೆ ಯಾವ ವಾರ, ಎಷ್ಟು ಹೊತ್ತಿಗೆ, ಕನ್ನಡದಲ್ಲೇ ನಡೆಯುತ್ತದಾ, ಮೊಬೈಲಿನಲ್ಲಿ ಕೂತು ಸೇರುವ ಆನ್‌ಲೈನ್ ಸಭೆ ಇದೆಯಾ. ತೋಟದ ಮನೆಯವರಿಗೆ, ಬಸ್ಸಿಲ್ಲದ ಹಳ್ಳಿಯವರಿಗೆ ಆನ್‌ಲೈನ್ ಸಭೆ ದೊಡ್ಡ ಆಸರೆ.

ಸಭೆ ನಡೆಸುವವರಿಗೆ ಒಂದು ಕೋರಿಕೆ. ವೇಳೆ ಗೊತ್ತುಮಾಡುವ ಮುಂಚೆ ಬಸ್ ನಿಲ್ದಾಣಕ್ಕೆ ಹೋಗಿ, ನಿಮ್ಮೂರಿನಿಂದ ಸುತ್ತಲ ಹಳ್ಳಿಗಳಿಗೆ ಹೊರಡುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ನೋಡಿಕೊಳ್ಳಿ. ಅದಕ್ಕೆ ಅರ್ಧ ಗಂಟೆ ಮುಂಚೆ ಮುಗಿಯುವಂತಿರಲಿ. ಬಸ್ಸು ತಪ್ಪಿಸಿಕೊಂಡು ನಿಲ್ದಾಣದಲ್ಲಿ ಒಬ್ಬನೇ ನಿಂತವನಿಗೆ ಎದುರಿಗೆ ಕಾಣುವುದು ಬಾರಿನ ಬೋರ್ಡೇ.